ಅಟ್ಟದ ಸುರುಳಿಯೋ, ಡಿಸ್ಕಿನ ಫೈಲೋ: ಡ್ರಾಯಿಂಗ್‌ಗಳನ್ನು ಐವತ್ತು ವರ್ಷ ಉಳಿಸುವುದು ಹೇಗೆ?

ಕಳೆದ ಒಂದೂವರೆ ತಿಂಗಳಲ್ಲಿ ಒಂದೇ ಪ್ರಶ್ನೆಯನ್ನು ಮೂರು ಜನ ಮೂರು ಥರ ಕೇಳಿದರು.

ಕನಕಪುರ ರಸ್ತೆಯ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗೆ ಬಿಲ್ಡರ್ ಬಿಟ್ಟುಹೋದ ಕಂತೆಗಳದೇ ತಲೆನೋವು: "ಸರ್, ಬೇಸ್‌ಮೆಂಟ್ ರೂಮು ಪೂರ್ತಿ ಡ್ರಾಯಿಂಗೇ ತುಂಬಿಕೊಂಡಿದೆ. ಸ್ಕ್ಯಾನ್ ಮಾಡಿಸಿ ರದ್ದಿಗೆ ಹಾಕಿಬಿಡೋಣವಾ?" ಪೀಣ್ಯದಲ್ಲಿ ಸಿಎನ್‌ಸಿ ಶಾಪ್ ನಡೆಸುವ ಗೆಳೆಯನದು ಇದರ ಉಲ್ಟಾ: "ಎಲ್ಲಾ ಕಂಪ್ಯೂಟರಲ್ಲೇ ಇದೆ ಕಣೋ, ಆದ್ರೂ ಧೈರ್ಯ ಇಲ್ಲ. ಪ್ರಿಂಟ್ ಹಾಕಿಸಿ ಬೀರುವಿನಲ್ಲಿಡ್ಲಾ?" ಮೂರನೆಯವರು ಬಸವನಗುಡಿಯ ಒಬ್ಬ ಹೆಣ್ಣುಮಗಳು. ತಂದೆ ಇಂಜಿನಿಯರಾಗಿದ್ದವರು, ತೀರಿಕೊಂಡು ವರ್ಷವಾಯಿತು. ಅಟ್ಟದ ಮೇಲೆ ಐವತ್ತಕ್ಕೂ ಮೀರಿ ಟ್ರೇಸಿಂಗ್ ಸುರುಳಿಗಳು. ಮನೆ ಖಾಲಿ ಮಾಡಬೇಕು, ಎಸೆಯಲು ಕೈ ಬರುತ್ತಿಲ್ಲ.

ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗೆ ಮೋಸವಾಗುತ್ತದೆ. ಜಯನಗರದಲ್ಲಿ ಸಣ್ಣದೊಂದು ಸ್ಟ್ರಕ್ಚರಲ್ ಕನ್ಸಲ್ಟೆನ್ಸಿ ಇಟ್ಟುಕೊಂಡು ಕೂತಿರುವ ನಾನೇ ಎರಡೂ ಕಡೆ ಪೆಟ್ಟು ತಿಂದಿದ್ದೇನೆ, ಅದನ್ನೇ ಮೊದಲು ಹೇಳಿಬಿಡುತ್ತೇನೆ.

1999ರಲ್ಲಿ ನಾವು ವಿನ್ಯಾಸ ಮಾಡಿದ್ದ ಮನೆಯೊಂದರ ಮೇಲೆ ಇನ್ನೊಂದು ಅಂತಸ್ತು ಕಟ್ಟಬೇಕೆಂದು 2019ರಲ್ಲಿ ಮಾಲೀಕರ ಮಗ ಬಂದ. ಬೇಕಾಗಿದ್ದು ಇಷ್ಟೇ: ಪಾಯದ ಅಳತೆ, ಕಾಲಂಗಳ ಕಂಬಿ ವಿವರ. ನಮ್ಮಲ್ಲಿ ಸಿಡಿ ಇತ್ತು. ಮೇಲೆ ಮಾರ್ಕರಿನಲ್ಲಿ "ಫೈನಲ್" ಎಂದು ನನ್ನದೇ ಕೈಬರಹ. ಡ್ರೈವಿಗೆ ಹಾಕಿದರೆ ಗಿರ್ರನೆ ತಿರುಗಿ ತಿರುಗಿ ಸುಮ್ಮನಾಯಿತು. ಇನ್ನೊಂದು ಸಿಡಿಯಲ್ಲಿ ಫೈಲೇನೋ ತೆರೆಯಿತು, ಆದರೆ ಆಗ ಬಳಸಿದ್ದ ಆಟೋಕ್ಯಾಡಿನ ಎಸ್‌ಎಚ್‌ಎಕ್ಸ್ ಫಾಂಟ್ ಈಗಿನ ಕಂಪ್ಯೂಟರಿನಲ್ಲಿ ಇಲ್ಲ. ಕಂಬಿಯ ವ್ಯಾಸದ ಚಿಹ್ನೆ ಇದ್ದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ. ಮೇಸ್ತ್ರಿಗೆಂದು ಕನ್ನಡದಲ್ಲಿ ಹಾಕಿದ್ದ ಟಿಪ್ಪಣಿ ಯುನಿಕೋಡ್ ಪೂರ್ವದ ಫಾಂಟಿನದು, ಫ್ರೆಂಚೋ ಇನ್ನೇನೋ ಎಂಬಂತೆ ಕಂಡಿತು. ಪಾಯದ ಹಾಳೆಯಂತೂ ಬೇರೆ ಫೈಲಿನಿಂದ ಎಕ್ಸ್‌ರೆಫ್ ಆಗಿ, ಅಂದರೆ ಬರೀ ಕೊಂಡಿಯ ಮೂಲಕ, ಬರುತ್ತಿದ್ದದ್ದು, ಆ ಫೈಲನ್ನು ಸಿಡಿಗೆ ಹಾಕಿಯೇ ಇರಲಿಲ್ಲ. ಕೊನೆಗೆ ಆ ಹುಡುಗನ ಅಜ್ಜಿಯ ಟ್ರಂಕಿನಲ್ಲಿ, ಮನೆಪತ್ರಗಳ ಕೆಳಗೆ, ಸೈಟಿಗೆ ಕೊಟ್ಟಿದ್ದ ಅಮೋನಿಯಾ ಪ್ರಿಂಟ್ ಸಿಕ್ಕಿತು. ಗೆರೆಗಳು ಮಾಸಿದ್ದವು, ಮಡಿಕೆಗಳಲ್ಲಿ ಹರಿದಿತ್ತು, ಮೂಲೆಯಲ್ಲಿ ಸಿಮೆಂಟ್ ಹಾಲಿನ ಕಲೆ. ಆದರೂ ಕಾಲಂ ಪಟ್ಟಿ ಓದಲು ಬಂತು.

ಹಾಗಾದರೆ ಕಾಗದವೇ ಮೇಲು ಅನ್ನಬೇಡಿ. ಅದೇ ಡ್ರಾಯಿಂಗಿನ ನಮ್ಮ ಪ್ರತಿ ಆಫೀಸಿನ ಮರದ ಬೀರುವಿನಲ್ಲಿತ್ತು. ಗೆದ್ದಲು ಅದನ್ನು ಮಣ್ಣು ಮಾಡಿ ಎಷ್ಟೋ ವರ್ಷವಾಗಿತ್ತು.

ಆಯ್ಕೆಗೆ ಮೊದಲು ಕೇಳಿಕೊಳ್ಳಬೇಕಾದ್ದು

ಮೊದಲನೆಯದು, ಎಷ್ಟು ವರ್ಷ? ಇಲ್ಲಿ ಕಾನೂನಿನ ಗಡುವೇ ಬೇರೆ, ಕಟ್ಟಡದ ಆಯಸ್ಸೇ ಬೇರೆ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 14(3)ನೇ ಸೆಕ್ಷನ್ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಾಣುವ ರಚನಾ ದೋಷಕ್ಕೆ ಬಿಲ್ಡರ್ ಹೊಣೆ. ಆದರೆ ಸ್ಲ್ಯಾಬ್ ಸೋರುವುದು, ಕಾಲಂ ಬಿರಿಯುವುದು, ಮೇಲೊಂದು ಅಂತಸ್ತು ಬೇಕೆನಿಸುವುದು ಸಾಮಾನ್ಯವಾಗಿ ಇಪ್ಪತ್ತು, ಮೂವತ್ತನೇ ವರ್ಷದಲ್ಲಿ. ಕಟ್ಟಡ ನಿಂತಿರುವವರೆಗೂ ಅದರ ಡ್ರಾಯಿಂಗ್ ಬೇಕು ಎಂದಿಟ್ಟುಕೊಳ್ಳಿ.

ಎರಡನೆಯದು, ಇಡುವುದು ನೋಡುವುದಕ್ಕೋ, ತಿದ್ದುವುದಕ್ಕೋ? ನಮ್ಮವರು ಇದನ್ನು ಚೆನ್ನಾಗಿಯೇ ಬಲ್ಲವರಾಗಿದ್ದರು. ಇವತ್ತು ನಾವು ಆಫೀಸ್ ಫೈಲಿಗೆ ಕಡತ ಅನ್ನುತ್ತೇವೆ. ಮೂಲದಲ್ಲಿ ಕಡತ ಅಂದರೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಕಪ್ಪು ಮಾಡಿದ ಬಟ್ಟೆ. ಬಳಪದಲ್ಲಿ ಬರೆದು ಅಳಿಸಿ ಮತ್ತೆ ಬರೆಯಬಹುದಿತ್ತು, ಲೆಕ್ಕಪತ್ರಕ್ಕೆ ಅದು. ತಿದ್ದಬಾರದ್ದನ್ನು ಓಲೆಗರಿಯಲ್ಲಿ ಕಂಟದಿಂದ ಕೊರೆಯುತ್ತಿದ್ದರು. ಆಟೋಕ್ಯಾಡಿನಲ್ಲಿ ತಿದ್ದಬಹುದಾದ ಡಿಡಬ್ಲ್ಯೂಜಿ ಫೈಲು ಕಡತ, ಸಹಿಯಾದ ಪಿಡಿಎಫ್ ಅಥವಾ ಪ್ರಿಂಟು ಓಲೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಮೂರನೆಯದೇ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ಹದಿನೈದು ವರ್ಷ ಇದರ ಕಡೆ ಯಾರೂ ತಿರುಗಿ ನೋಡದಿದ್ದರೆ ಏನಾಗುತ್ತದೆ? ಒಳ್ಳೆಯ ಕಾಗದ, ಒಣ ಜಾಗ, ಉಕ್ಕಿನ ಬೀರು ಇದ್ದರೆ ಕಾಗದ ಆ ಮರೆವನ್ನು ಸಹಿಸಿಕೊಳ್ಳುತ್ತದೆ. ಫೈಲು ಸಹಿಸುವುದಿಲ್ಲ. ಡಿಸ್ಕು, ಸಾಫ್ಟ್‌ವೇರು, ಪಾಸ್‌ವರ್ಡು, ಚಂದಾ ಇವುಗಳಲ್ಲಿ ಯಾವುದಾದರೊಂದು ಅಷ್ಟರೊಳಗೆ ಕೈಕೊಟ್ಟಿರುತ್ತದೆ. ಬೆಂಕಿ, ನೀರು ಬಂದರೆ ಮಾತ್ರ ಲೆಕ್ಕ ತಿರುಗಾಮುರುಗಾ: ಕಾಗದ ಒಂದೇ ಕಡೆ ಇರುತ್ತದೆ, ಫೈಲನ್ನು ನಾಲ್ಕು ಕಡೆ ಇಡಬಹುದು. ಆದ್ದರಿಂದ ನಿಮ್ಮಲ್ಲಿ ಇದನ್ನು ನೋಡಿಕೊಳ್ಳುವ ಮನುಷ್ಯ ಇದ್ದಾನೆಯೇ ಎಂದು ಮೊದಲು ನೋಡಿ, ಅಂಗಡಿಗೆ ಆಮೇಲೆ ಹೋಗಿ.

ಉಳಿದವು ಹುಡುಕಲು ಎಷ್ಟು ಸಲೀಸು, ಕೋರ್ಟಿನಲ್ಲಿ ನಿಲ್ಲುತ್ತದೆಯೇ, ಖರ್ಚೆಷ್ಟು ಎನ್ನುವುದು. ಖರ್ಚಿನಲ್ಲಿ ಒಂದು ಕಣ್ಕಟ್ಟಿದೆ. ಕಾಗದದ ಖರ್ಚು ಬಾಡಿಗೆಯಾಗಿ ಕಣ್ಣಿಗೆ ಕಾಣುತ್ತದೆ. ಫೈಲಿನ ಖರ್ಚು ಯಾರದೋ ದುಡಿಮೆಯ ಗಂಟೆಗಳಲ್ಲಿ ಅಡಗಿರುವುದರಿಂದ ಪುಕ್ಕಟೆ ಎನಿಸುತ್ತದೆ.

ಕಾಗದ ಅಂದರೆ ಯಾವ ಕಾಗದ?

ಸಾಮಾನ್ಯವಾಗಿ ಜನ ಎಡವುವುದು ಇಲ್ಲೇ. ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ವಿಧಾನದಿಂದ ಬಂದ ಅಸಲಿ ಬ್ಲೂಪ್ರಿಂಟ್, ನೀಲಿ ನೆಲದ ಮೇಲೆ ಬಿಳಿ ಗೆರೆಯದು, ಸಾಕಷ್ಟು ಗಟ್ಟಿ. ನಾವೆಲ್ಲ ಬಾಯಿಮಾತಿಗೆ ಬ್ಲೂಪ್ರಿಂಟ್ ಅನ್ನುತ್ತಿದ್ದದ್ದು ಅದಲ್ಲ, ಕಮಟು ವಾಸನೆಯ ಅಮೋನಿಯಾ ಪ್ರಿಂಟ್. ಅದು ಬೆಳಕಿಗೆ ಮಾಸುತ್ತದೆ. ಪಕ್ಕದ ಹಾಳೆಗಳನ್ನೂ ಕೆಡಿಸುವುದರಿಂದ ಬೇರೆಯೇ ಇಡಬೇಕು. ಇಂಥವು ನಿಮ್ಮಲ್ಲಿದ್ದರೆ ಸ್ಕ್ಯಾನಿಂಗ್ ಸಾಲಿನಲ್ಲಿ ಮೊದಲ ಸರದಿ ಇವಕ್ಕೆ. ಟ್ರೇಸಿಂಗ್ ಪೇಪರ್ ವರ್ಷಗಳು ಕಳೆದಂತೆ ಹಪ್ಪಳವಾಗುತ್ತದೆ. ಪಾಲಿಯೆಸ್ಟರ್ ಫಿಲ್ಮಿನ ಮೇಲೆ ಬರೆದ ಡ್ರಾಯಿಂಗ್ ನಿಮ್ಮಲ್ಲಿದ್ದರೆ ನೀವು ಅದೃಷ್ಟವಂತರು, ಅದು ತೇವಕ್ಕೆ ಹಿಗ್ಗುವುದೂ ಇಲ್ಲ, ಹರಿಯುವುದೂ ಇಲ್ಲ. ಥರ್ಮಲ್ ಕಾಗದದ ಯಂತ್ರದ ಚೀಟಿಗಳನ್ನು ಇವತ್ತೇ ಜೆರಾಕ್ಸ್ ಮಾಡಿಸಿ.

ಈಗ ಹೊಸದಾಗಿ ಪ್ರಿಂಟ್ ತೆಗೆಯುವವರಿಗೆ ಎರಡೇ ಮಾತು. ಲೇಸರ್ ಟೋನರ್ ಮುಖ್ಯವಾಗಿ ಪ್ಲಾಸ್ಟಿಕ್ ಪುಡಿ, ಕಪ್ಪಿಗೆ ಅದರಲ್ಲಿ ಇಂಗಾಲ ಬೆರೆತಿರುತ್ತದೆ, ನೀರು ಬಿದ್ದರೂ ಹರಡುವುದಿಲ್ಲ. ದೊಡ್ಡ ಹಾಳೆಯ ಪ್ರಿಂಟರ್ ಆದ ಪ್ಲಾಟರಿನಲ್ಲಾದರೆ ಇಂಕು ಪಿಗ್ಮೆಂಟಿನದೋ ಡೈಯದೋ ಎಂದು ಅಂಗಡಿಯವರನ್ನು ಕೇಳಿ, ಡೈ ಇಂಕು ಒಂದು ಹನಿ ನೀರಿಗೆ ಅಳುತ್ತದೆ. ಹಾಳೆ ಆಮ್ಲರಹಿತವಾಗಿರಬೇಕು, ಶಾಶ್ವತ ಕಾಗದಕ್ಕೆ ಐಎಸ್‌ಒ 9706 ಎಂಬ ಮಾನದಂಡವೇ ಇದೆ. ಪ್ಲಾಟರ್ ಖರ್ಚು ಬೇಡವೆನ್ನುವವರು ಎ1 ಹಾಳೆಯನ್ನು ಎ3ಗೆ ಇಳಿಸಿ ಲೇಸರಿನಲ್ಲಿ ತೆಗೆಯಿರಿ. ಅಳತೆ ಸರಿಯಾಗಿ ಅರ್ಧವಾಗುತ್ತದೆ, 1:100 ಇದ್ದದ್ದು 1:200 ಆಗುತ್ತದೆ, 2.5 ಮಿಲಿಮೀಟರ್ ಅಕ್ಷರವನ್ನು ಕನ್ನಡಕ ಹಾಕಿಕೊಂಡು ಓದಬಹುದು. ಎ0 ಹಾಳೆಗೆ ಈ ಉಪಾಯ ನಡೆಯುವುದಿಲ್ಲ.

ಜಾಗದ ಭಯವನ್ನು ಜನ ಹೆಚ್ಚು ಮಾಡಿಕೊಂಡಿದ್ದಾರೆ. ಎ0 ಅಂದರೆ ಒಂದು ಚದರ ಮೀಟರ್, 80 ಜಿಎಸ್‌ಎಂ ಕಾಗದದ ನೂರು ಹಾಳೆ ಎಂಟು ಕೆಜಿ. ಚಪ್ಪಟೆಯಾಗಿಟ್ಟರೆ ಮಂಚದಡಿಯ ಒಂದು ಡ್ರಾಯರ್ ಸಾಕು. ಕೋಣೆ ತುಂಬುವುದು ಸುರುಳಿ ಸುತ್ತಿಟ್ಟಾಗ, ಮತ್ತು ರದ್ದಾದ ರಿವಿಷನ್‌ಗಳನ್ನೂ ಜೋಪಾನ ಮಾಡಿದಾಗ. ಹವೆಯ ವಿಷಯದಲ್ಲಿ ಕರಾವಳಿಯವರಿಗಿಂತ ಬೆಂಗಳೂರಿನ ನಾವು ಪುಣ್ಯವಂತರು, ಸುಮಾರು 900 ಮೀಟರ್ ಎತ್ತರದಲ್ಲಿದ್ದೇವೆ, ಸೆಕೆ ಕಮ್ಮಿ. ಹಾಗಂತ ಮಳೆಗಾಲದ ತೇವ ಬಿಡುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಬೇಸ್‌ಮೆಂಟುಗಳು ಕೆರೆಯಾದದ್ದನ್ನು ನೋಡಿದ ಮೇಲೂ ದಾಖಲೆಗಳನ್ನು ಬೇಸ್‌ಮೆಂಟಿನಲ್ಲಿಡುವವರಿಗೆ ನಾನೇನು ಹೇಳಲಿ.

ಮೈಕ್ರೋಫಿಲ್ಮ್ ಎಂಬ ಹಳೆಯ ದಾರಿಯೊಂದಿದೆ. ಪಾಲಿಯೆಸ್ಟರ್ ಮೇಲಿನ ಬೆಳ್ಳಿಯ ಫಿಲ್ಮಿಗೆ ಸರಿಯಾದ ಶೇಖರಣೆಯಲ್ಲಿ 500 ವರ್ಷದ ಆಯಸ್ಸು ಎಣಿಸುತ್ತಾರೆ, ಓದಲು ದೀಪ, ಮಸೂರ ಇದ್ದರೆ ಆಯಿತು. ಅಣೆಕಟ್ಟು, ವಿದ್ಯುತ್ ಸ್ಥಾವರದವರಿಗೆ ಸರಿ. ನಮ್ಮಂಥವರಿಗೆ ಅಲ್ಲ.

ಸ್ಕ್ಯಾನ್: ಹದಿನಾಲ್ಕು ಪಾಯಿಂಟ್ ಹದಿಮೂರರ ಕತೆ

ಕಾಗದವನ್ನು ಚಿತ್ರವಾಗಿಸಿ ಡಿಸ್ಕಿಗೆ ಹಾಕುವುದು ಎಲ್ಲರೂ ಹಿಡಿಯುವ ನಡುದಾರಿ, ಆದರೆ ಅದರಲ್ಲೂ ಗುಂಡಿಗಳಿವೆ. 2013ರಲ್ಲಿ ಡೇವಿಡ್ ಕ್ರೀಸೆಲ್ ಎಂಬ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಒಂದು ಕಟ್ಟಡದ ನಕ್ಷೆಯ ಪ್ರತಿಯನ್ನು ನೋಡಿ ಬೆಚ್ಚಿದರು. ಮೂಲದಲ್ಲಿ ಮೂರು ಕೋಣೆಗಳ ವಿಸ್ತೀರ್ಣ 14.13, 21.11, 17.42 ಚದರ ಮೀಟರ್. ಪ್ರತಿಯಲ್ಲಿ ಮೂರೂ 14.13. ಅಕ್ಷರ ಕಲಸಿಹೋಗಿರಲಿಲ್ಲ, ಸ್ಫುಟವಾಗಿ, ನೀಟಾಗಿ ತಪ್ಪಾಗಿತ್ತು. ಯಂತ್ರ ಸಾಕ್ಷಾತ್ ಜೆರಾಕ್ಸ್ ಕಂಪನಿಯದು. ಜಾಗ ಉಳಿಸಲು ಜೆಬಿಐಜಿ2 ಎಂಬ ಸಂಕೋಚನ ವಿಧಾನ ಒಂದೇ ಥರ ಕಂಡ ಅಂಕಿಗಳ ಜಾಗಕ್ಕೆ ಒಂದೇ ತುಣುಕನ್ನು ಅಂಟಿಸಿಬಿಟ್ಟಿತ್ತು. ಕಂಪನಿ ಆಮೇಲೆ ಸಾಫ್ಟ್‌ವೇರ್ ತಿದ್ದುಪಡಿ ಬಿಡುಗಡೆ ಮಾಡಿತು. ಕೋಣೆಯ ವಿಸ್ತೀರ್ಣ ತಪ್ಪಾದರೆ ನಕ್ಕು ಸುಮ್ಮನಾಗಬಹುದು. ಕಂಬಿಯ ಅಂತರ ತಪ್ಪಾದರೆ?

ಅದಕ್ಕೇ ಸ್ಕ್ಯಾನ್ ಮಾಡಿಸುವಾಗ ನಷ್ಟವಿಲ್ಲದ ಸಂಕೋಚನ ಕೇಳಿ. ಕಪ್ಪುಬಿಳುಪಿಗೆ ಟಿಫ್ ಫೈಲು, ಗ್ರೂಪ್ 4 ಸಂಕೋಚನ. ಎ0 ಹಾಳೆ 300 ಡಿಪಿಐನಲ್ಲಿ ಸುಮಾರು 14 ಕೋಟಿ ಚುಕ್ಕೆ, ಕಪ್ಪುಬಿಳುಪಿನಲ್ಲಿ ಕಚ್ಚಾ ಗಾತ್ರ 17 ಎಂಬಿ, ಸಂಕೋಚಿಸಿದರೆ ಹೆಚ್ಚಿನ ಡ್ರಾಯಿಂಗ್‌ಗಳು ಒಂದೆರಡು ಎಂಬಿಗೆ ಇಳಿಯುತ್ತವೆ. ಬಣ್ಣದಲ್ಲಾದರೆ ಕಚ್ಚಾ 420 ಎಂಬಿ. ಈ ಅಂತರ ನೋಡಿ ಎಲ್ಲರೂ ಕಪ್ಪುಬಿಳುಪಿಗೆ ಬೀಳುತ್ತಾರೆ. ಇಂಕಿನ ಗೆರೆಗೆ ಅದು ಸಾಕು, ಪೆನ್ಸಿಲ್ ಇದ್ದರೆ ಸಾಲದು. ಸ್ಕ್ಯಾನ್ ಆದ ಮೇಲೆ ಹತ್ತು ಹಾಳೆಗೊಂದನ್ನಾದರೂ ಮೂಲದ ಪಕ್ಕ ಇಟ್ಟು ಅಂಕಿ ಅಂಕಿ ಓದಿ. ಹಾಗೆ ನೋಡುವವರೆಗೆ ಮೂಲವನ್ನು ರದ್ದಿಗೆ ಹಾಕುವ ಮಾತೇ ಬೇಡ.

ನಮ್ಮ ಆಫೀಸಿನಲ್ಲಿ ಸುರುಳಿಯನ್ನು ಮಟ್ಟ ಮಾಡಲು ಎರಡು ತುದಿಗೆ ಕಾಂಕ್ರೀಟ್ ಟೆಸ್ಟ್ ಕ್ಯೂಬ್ ಇಡುತ್ತೇವೆ. 150 ಮಿಲಿಮೀಟರಿನದು, ತಲಾ ಎಂಟು ಕೆಜಿ. ಕೆಳಗೊಂದು ಬಟ್ಟೆ ಹಾಕಿ ಎರಡು ದಿನ ಬಿಟ್ಟರೆ ಎಂಥ ಹಟಮಾರಿ ಹಾಳೆಯೂ ಮಲಗುತ್ತದೆ.

ಹುಟ್ಟುತ್ತಲೇ ಫೈಲಾದವು

ಇವುಗಳಲ್ಲಿ ಮೂಲ ಫೈಲು, ಚಿತ್ರ ಎರಡನ್ನೂ ಇಡಬೇಕು. ಚಿತ್ರಕ್ಕೆ ಪಿಡಿಎಫ್/ಎ, ಅಂದರೆ 2005ರಲ್ಲಿ ಬಂದ ಐಎಸ್‌ಒ 19005. ಫಾಂಟುಗಳು ಫೈಲಿನೊಳಗೇ ಇರಬೇಕು, ಪಾಸ್‌ವರ್ಡ್ ಇರಕೂಡದು ಎಂಬ ಕಟ್ಟುಪಾಡು ಅದರದು. ನನ್ನ ಪ್ರಶ್ನಾರ್ಥಕ ಚಿಹ್ನೆಗಳ ಪಾಡು ಅದರಲ್ಲಿ ಬರುತ್ತಿರಲಿಲ್ಲ. ಕನ್ನಡ ಟಿಪ್ಪಣಿ ಇದ್ದರೆ ಯುನಿಕೋಡಿನಲ್ಲೇ ಬರೆದು ಪಿಡಿಎಫ್/ಎ-2ಯು ಮಟ್ಟದಲ್ಲಿ ಉಳಿಸಿ, ಹುಡುಕಿದರೆ ಸಿಗುತ್ತದೆ.

ಮೂಲ ಫೈಲಿನ ವಿಷಯಕ್ಕೆ ಬಂದರೆ, ಆಟೋಕ್ಯಾಡ್ 1982ರಿಂದ ಇದೆ, ಡಿಡಬ್ಲ್ಯೂಜಿ ನಾಳೆಯೇ ಸಾಯುವುದಿಲ್ಲ. ಆದರೆ ಎಕ್ಸ್‌ರೆಫ್, ಫಾಂಟು ಸಮೇತ ಆಟೋಕ್ಯಾಡಿನ ಇ-ಟ್ರಾನ್ಸ್‌ಮಿಟ್ ಆಜ್ಞೆಯಿಂದ ಗಂಟು ಕಟ್ಟಿಡಿ, ಜೊತೆಗೆ ಬೇರೆ ಸಾಫ್ಟ್‌ವೇರುಗಳೂ ಓದುವ ಡಿಎಕ್ಸ್‌ಎಫ್ ಪ್ರತಿಯೊಂದು ಇರಲಿ. ಕಟ್ಟಡದ ಬಲಾಬಲ ಲೆಕ್ಕ ಹಾಕುವ ಸಾಫ್ಟ್‌ವೇರುಗಳ ಫೈಲುಗಳಲ್ಲಿ ಸ್ಟಾಡ್ ಒಳ್ಳೆಯದು, ಅದರ ಇನ್‌ಪುಟ್ ಬರೀ ಪಠ್ಯ, ನೋಟ್‌ಪ್ಯಾಡಿನಲ್ಲಿ ಓದಬಹುದು. ಇಟ್ಯಾಬ್ಸ್ ಆದರೆ ಇ2ಕೆ ಪಠ್ಯವಾಗಿ ಹೊರತೆಗೆದಿಡಿ. ಮೂರು ಆಯಾಮದ ಬಿಲ್ಡಿಂಗ್ ಮಾಡೆಲಿಗೆ ಐಎಫ್‌ಸಿ, ಯಂತ್ರದ ಬಿಡಿಭಾಗಕ್ಕೆ ಸ್ಟೆಪ್, ಇವು ಯಾವ ಕಂಪನಿಗೂ ಕಟ್ಟುಬೀಳದ ಫೈಲ್ ರೂಪಗಳು. ಇವುಗಳಲ್ಲಿ ಆಕಾರ ಉಳಿಯುತ್ತದೆ, ಆ ಆಕಾರ ಬಂದ ಹಂತಗಳ ಇತಿಹಾಸ ಉಳಿಯುವುದಿಲ್ಲ. ನಾಳೆ ತಿದ್ದಬೇಕಾದರೆ ಮೂಲ ಫೈಲೇ ಬೇಕು, ಆ ಸಾಫ್ಟ್‌ವೇರಿಗೆ ಆಗ ದುಡ್ಡು ಕಟ್ಟುತ್ತಿರಬೇಕು.

ಎಲ್ಲಿ ಇಡುವುದು ಎನ್ನುವುದಕ್ಕೆ ಎಸ್‌ಪಿ ರಸ್ತೆಯ ಅಂಗಡಿಯವನು ಎಸ್‌ಎಸ್‌ಡಿ ತೋರಿಸುತ್ತಾನೆ. ಬೇಡ ಅನ್ನಿ. ಕರೆಂಟಿಲ್ಲದೆ ವರ್ಷಗಟ್ಟಲೆ ಬಿಟ್ಟರೆ ಅದರೊಳಗಿನ ದತ್ತಾಂಶ ಆರಿಹೋಗಬಹುದು. ಸಾಧಾರಣ ತಿರುಗುವ ಹಾರ್ಡ್‌ಡಿಸ್ಕ್ ಎರಡು, ಬೇರೆ ಬೇರೆ ಕಂಪನಿಯದು, ಬೇರೆ ಬೇರೆ ಮನೆಯಲ್ಲಿ. ಐದು ವರ್ಷಕ್ಕೊಮ್ಮೆ ಹೊಸದಕ್ಕೆ ವರ್ಗ. ಡಿವಿಡಿಯಂಥ ಎಂ-ಡಿಸ್ಕ್‌ನ ತಯಾರಕರು ಸಾವಿರ ವರ್ಷ ಅನ್ನುತ್ತಾರೆ, ಅದನ್ನು ಓದುವ ಡ್ರೈವು ಈಗಿನ ಲ್ಯಾಪ್‌ಟಾಪುಗಳಲ್ಲೇ ಇಲ್ಲ. ಎಲ್‌ಟಿಒ ಎಂಬ ಮ್ಯಾಗ್ನೆಟಿಕ್ ಟೇಪು ಮೂವತ್ತು ವರ್ಷ ಬಾಳುತ್ತದೆ, ಆದರೆ ಎಲ್‌ಟಿಒ-8 ಡ್ರೈವು ಎಲ್‌ಟಿಒ-6 ಟೇಪನ್ನು ಓದುವುದಿಲ್ಲ, ಡ್ರೈವಿನ ಬೆಲೆಯೂ ಲಕ್ಷದ ಮಾತು. ದೊಡ್ಡ ಕಂಪನಿಗಳಿಗೆ ಬಿಡಿ ಅದನ್ನು.

ಕ್ಲೌಡ್ ಒಂದು ಪ್ರತಿಯಾಗಿ ತುಂಬ ಒಳ್ಳೆಯದು, ಏಕೈಕ ಪ್ರತಿಯಾಗಿ ಅಪಾಯ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಒಳಗಿನ ಸರಕಿನ ಸಮೇತ ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ತಂದಿತು. ಕೆಲಸ ಬಿಟ್ಟ ಹುಡುಗನ ಜಿಮೇಲಿನಲ್ಲಿ ಕೂತಿರುವ ಡ್ರಾಯಿಂಗ್‌ಗಳೆಷ್ಟೋ. ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಒಳಗೆ ಒಂದಕ್ಷರ ಬದಲಾದರೂ ತಾನೂ ಬದಲಾಗುವ ಬೆರಳಚ್ಚಿನಂಥ ಸಂಖ್ಯೆ, ತೆಗೆದು ಪಟ್ಟಿ ಮಾಡಿ, ವರ್ಷಕ್ಕೊಮ್ಮೆ ತಾಳೆ ನೋಡಿ. ನಾವು ಆಯುಧಪೂಜೆಯ ದಿನ ನೋಡುತ್ತೇವೆ. ಡಿಸ್ಕಿಗೂ ಒಂದು ಕುಂಕುಮ ಬೀಳುತ್ತದೆ, ತಿರುಗಿದ್ದೂ ಆಗುತ್ತದೆ.

ಕೋರ್ಟಿನ ಮಾತು

ಕಾಗದವೇ ಸಾಕ್ಷಿ ಎಂಬ ಕಾಲ ಹೋಯಿತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 7ನೇ ಸೆಕ್ಷನ್ ವಿದ್ಯುನ್ಮಾನ ದಾಖಲೆಯನ್ನು ಒಪ್ಪುತ್ತದೆ, ಮುಂದೆ ತೆರೆದು ನೋಡಲು ಬರುವಂತಿರಬೇಕು, ಮೂಲ ರೂಪ ಕೆಡಬಾರದು ಎಂಬ ಷರತ್ತಿನ ಮೇಲೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಮೇಲಿನ ಪಟ್ಟಿ ಇಲ್ಲೂ ಕೆಲಸಕ್ಕೆ ಬರುತ್ತದೆ. ಡಿಜಿಟಲ್ ಸಹಿ ಬಳಸುವವರು ಪಿಡಿಎಫ್/ಎ ಮಾಡಿದ ಮೇಲೆ ಸಹಿ ಹಾಕಿ, ಸಹಿಯಾದ ಮೇಲೆ ಪರಿವರ್ತಿಸಿದರೆ ಸಹಿ ಮುರಿಯುತ್ತದೆ. ಸಹಿಯ ಪ್ರಮಾಣಪತ್ರದ ಅವಧಿ ಹೆಚ್ಚೆಂದರೆ 3 ವರ್ಷವಾದ್ದರಿಂದ ಟೈಮ್‌ಸ್ಟಾಂಪ್, ಅಂದರೆ ಸಹಿ ಹಾಕಿದ ಹೊತ್ತಿನ ಮುದ್ರೆ, ಸೇರಿಸುವುದನ್ನು ಮರೆಯಬೇಡಿ. ಇಷ್ಟೆಲ್ಲ ಆಗದು ಎನ್ನುವವರು ಕೊನೆಯ ರಿವಿಷನ್ನಿಗೆ ಇಂಕಿನ ಸಹಿ ಹಾಕಿ ಬೀರುವಿಗೆ ಸೇರಿಸಿ.

ಯಾರಿಗೆ ಯಾವುದು

ಅಪಾರ್ಟ್‌ಮೆಂಟಿನವರಿಗೆ ನಾನು ಕಾಗದದ ಕಡೆಗೇ ವಾಲಿ ಎಂದೆ. ಪದಾಧಿಕಾರಿಗಳು ಬದಲಾಗುತ್ತಲೇ ಇರುತ್ತಾರೆ, ಪಾಸ್‌ವರ್ಡ್ ಯಾರ ಹತ್ತಿರವೋ ಉಳಿಯುತ್ತದೆ. ಬೀರುವಿಗಾದರೆ ಬೀಗದ ಕೈ ಹಸ್ತಾಂತರವಾಗುತ್ತದೆ, ಆಗದಿದ್ದರೂ ಒಡೆಯಬಹುದು. ಸ್ಟ್ರಕ್ಚರಲ್, ನೀರು, ಒಳಚರಂಡಿ, ವಿದ್ಯುತ್, ಅಗ್ನಿಶಾಮಕ, ಇವುಗಳ ಆಸ್-ಬಿಲ್ಟ್, ಅಂದರೆ ನಿಜಕ್ಕೂ ಕಟ್ಟಿದ್ದನ್ನು ತೋರಿಸುವ ಡ್ರಾಯಿಂಗ್, ಒಂದೊಂದು ಸೆಟ್ ಮಾತ್ರ ಆರಿಸಿ, ಬೇಸ್‌ಮೆಂಟಿನಿಂದ ಮೇಲಿನ ಮಹಡಿಗೆ ತನ್ನಿ. ಹಳೆಯ ರಿವಿಷನ್, ಜೋಡಿ ಪ್ರತಿಗಳು ಧಾರಾಳವಾಗಿ ರದ್ದಿಗೆ ಹೋಗಲಿ. ಸ್ಕ್ಯಾನ್ ದಿನಬಳಕೆಗೆ, ಪ್ಲಂಬರಿಗೆ ವಾಟ್ಸಾಪಿನಲ್ಲಿ ಕಳಿಸುವುದಕ್ಕೆ. ಸೆಟ್ಟಿನಲ್ಲಿ ಹಾಳೆ ಕಾಣೆಯಾಗಿದ್ದರೆ ರೇರಾದ 17ನೇ ಸೆಕ್ಷನ್ ಹಿಡಿದು ಬಿಲ್ಡರನ್ನು ಕೇಳಿ, ದಾಖಲೆ ಮತ್ತು ಪ್ಲಾನುಗಳನ್ನು ಸಂಘಕ್ಕೆ ಒಪ್ಪಿಸುವುದು ಅವರ ಹೊಣೆ.

ಪೀಣ್ಯದ ಗೆಳೆಯನಿಗೆ ಪ್ರಿಂಟು ದಂಡ. ಮೂರು ಆಯಾಮದ ಮಾಡೆಲನ್ನು ಹಾಳೆಗೆ ಒತ್ತಿದರೆ ಅರ್ಧ ಮಾಹಿತಿ ಹೋಗುತ್ತದೆ. ಮೂಲ ಫೈಲು, ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಏರುಪೇರು) ಸಹಿತ ಸ್ಟೆಪ್ ಎಪಿ242, ಎರಡು ಆಯಾಮದ ಪಿಡಿಎಫ್/ಎ, ಈ ಮೂರನ್ನೂ ಪಾರ್ಟ್ ನಂಬರ್, ರಿವಿಷನ್ ಪ್ರಕಾರ ಒಂದೊಂದು ಫೋಲ್ಡರಿಗೆ ಹಾಕು, ಒಂದು ಡಿಸ್ಕು ಶಾಪಿನಲ್ಲಿ, ಒಂದು ಮನೆಯಲ್ಲಿ ಎಂದೆ. ಎಷ್ಟು ವರ್ಷ ಎನ್ನುವುದನ್ನು ಗಿರಾಕಿಯ ಕರಾರೇ ಹೇಳುತ್ತದೆ. ವಿಮಾನದ ಬಿಡಿಭಾಗದ ಆರ್ಡರ್ ಹಿಡಿದರೆ ಲೋಟಾರ್, ಅಂದರೆ ಡಿಜಿಟಲ್ ದಾಖಲೆಗಳನ್ನು ದೀರ್ಘಕಾಲ ಕಾಪಿಡುವ ಇಎನ್ 9300 ಎಂಬ ಮಾನದಂಡದ ಮಾತು ಬರುತ್ತದೆ, ಆಗ ಡಿಸ್ಕಿನ ಲೆಕ್ಕ ಬಿಟ್ಟು ಸರಿಯಾದ ವ್ಯವಸ್ಥೆಗೆ ದುಡ್ಡು ಹಾಕಲೇಬೇಕು. ಸಹಿಯಾದ ತಪಾಸಣಾ ವರದಿಗಳು ಮಾತ್ರ ಕಾಗದದಲ್ಲೂ ಇರಲಿ.

ನಮ್ಮಂಥ ಸಣ್ಣ ಕನ್ಸಲ್ಟೆಂಟರಿಗೆ ಎರಡೂ ಬೇಕು, ಆದರೆ ಸಮನಾಗಿ ಅಲ್ಲ. ಫೈಲುಗಳು ಪೂರ್ತಿ. ಕಾಗದದಲ್ಲಿ ಪಾಯ, ಕಾಲಂ ಪಟ್ಟಿ, ಬೀಮ್, ಸ್ಲ್ಯಾಬ್ ವಿವರ, ಎಂಟು ಹತ್ತು ಹಾಳೆ. ಅದರ ಒಂದು ಪ್ರತಿ ಮನೆಯವರಿಗೆ, ಮನೆಪತ್ರದ ಜೊತೆ ಇಡಿ ಎಂದು ಹೇಳಿ. ಅಜ್ಜಿಯ ಟ್ರಂಕಿನಷ್ಟು ಭದ್ರ ಜಾಗವನ್ನು ನಾನಿನ್ನೂ ಕಂಡಿಲ್ಲ.

ಬಸವನಗುಡಿಯದು ಬೇರೆ ಕತೆ. ಟ್ರೇಸಿಂಗ್‌ಗಳಿಗೆ ಜೋಡಿ ಪ್ರತಿ ಇಲ್ಲ, ಮತ್ತೆ ಹುಟ್ಟುವುದೂ ಇಲ್ಲ. ಲ್ಯಾಮಿನೇಷನ್ ಮಾಡಿಸುತ್ತೇನೆ ಅಂದರು, ದಮ್ಮಯ್ಯ ಬೇಡ ಎಂದೆ, ಒಮ್ಮೆ ಅಂಟಿದರೆ ಬಿಡಿಸಲಾಗದು. ಸೆಲ್ಲೋಟೇಪೂ ಹಾಗೆಯೇ, ಹಳದಿಯಾಗಿ ಹಾಳೆಯನ್ನು ತಿನ್ನುತ್ತದೆ. ಖರ್ಚು ಉಳಿಯಲೆಂದು ಮೊದಲ ಹತ್ತು ಸುರುಳಿಯನ್ನು ಕಪ್ಪುಬಿಳುಪಿನಲ್ಲಿ ಸ್ಕ್ಯಾನ್ ಮಾಡಿಸಿದ್ದರು. ಕಳೆದ ಭಾನುವಾರ ಅವರ ಮನೆಯ ನಡುಮನೆಯಲ್ಲಿ ಹಾಳೆ ಹಾಸಿ, ಕ್ಯೂಬ್ ಇಟ್ಟು, ಲ್ಯಾಪ್‌ಟಾಪಿನ ಚಿತ್ರದ ಜೊತೆ ತಾಳೆ ನೋಡುತ್ತಿದ್ದೆವು. ಬೀಮ್ ಒಂದರ ಪಕ್ಕ ಮೂಲದಲ್ಲಿ ತೆಳ್ಳಗೆ ಪೆನ್ಸಿಲ್ ಬರಹವಿತ್ತು: "ಮೇಸ್ತ್ರಿ ಹೇಳಿದ್ದು ಸರಿ. ಇಲ್ಲಿ ಒಂದು ಕಂಬಿ ಜಾಸ್ತಿ." ಚಿತ್ರದಲ್ಲಿ ಆ ಜಾಗ ಬಿಳಿ. ಆಕೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ ಅಂಗಡಿಗೆ ಫೋನ್ ಮಾಡಿ ಹತ್ತನ್ನೂ ಬಣ್ಣದಲ್ಲಿ ಮತ್ತೆ ಮಾಡಿಕೊಡಿ ಎಂದರು. ಉಳಿದ ನಲವತ್ತು ಚಿಲ್ಲರೆ ಸುರುಳಿ ಇನ್ನೂ ಅಟ್ಟದಲ್ಲೇ ಇವೆ. ಮುಂದಿನ ಭಾನುವಾರ ಕ್ಯೂಬ್ ತೆಗೆದುಕೊಂಡು ಮತ್ತೆ ಹೋಗಬೇಕು.